ನಲವತ್ತು ಕಂಟೇನರಿನ ಅಳಿಯ

ಬೆಟಗೇರಿಯ ಮೌನೇಶ ಸುಳ್ಳು ಹೇಳುವ ಮನುಷ್ಯನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಅವನ ಮನೆಯ ಬಾಗಿಲು ಮುರಿದದ್ದು, ಪೊಲೀಸರು ಬಂದು ಎರಡೆರಡು ಸಲ ಚಹಾ ಕುಡಿದದ್ದು, ಮಾವನ ಊಟ ನಿದ್ದೆ ಹಾರಿಹೋದದ್ದು, ಇವೆಲ್ಲ ಅವನಾಡಿದ ಒಂದು ಅಪ್ಪಟ ನಿಜದಿಂದಲೇ ಆದವು.

ಗದಗಿನ ಎಣ್ಣೆಕಾಳು ಬೆಳೆಗಾರರ ಸಂಘವೊಂದರಲ್ಲಿ ಅವನದು ಕಂಪ್ಯೂಟರ್ ಕೆಲಸ. ಶೇಂಗಾ ಸುಗ್ಗಿಯಲ್ಲಿ ಯಾವ ರೈತ ಯಾವ ದಿನ ಎಷ್ಟು ಗಂಟೆಗೆ ತೂಕಕ್ಕೆ ಬರಬೇಕೆಂದು ಮೊಬೈಲಿಗೆ ಟೋಕನ್ ಕಳಿಸುವ ಸಾಫ್ಟ್‌ವೇರ್ ಅವನ ಸುಪರ್ದಿನಲ್ಲಿತ್ತು. ಹಿಂದಿನ ಸುಗ್ಗಿಯಲ್ಲಿ ಅದು ಮೂರು ದಿನ ಮಲಗಿಬಿಟ್ಟು, ಟ್ರ್ಯಾಕ್ಟರುಗಳ ಸಾಲು ಸಂಘದ ಗೇಟಿನಿಂದ ಮುಳಗುಂದ ನಾಕಾದವರೆಗೆ ಬೆಳೆದಿತ್ತು. ಅದಾದ ಮೇಲೆ ಆ ಸಾಫ್ಟ್‌ವೇರನ್ನು ತುಂಡು ಮಾಡಿ, ಕಂಟೇನರ್ ಎಂಬ ಪುಟ್ಟ ಪುಟ್ಟ ಪೆಟ್ಟಿಗೆಗಳಲ್ಲಿಟ್ಟು ಓಡಿಸುವ ಏರ್ಪಾಡಾಯಿತು. ಪೆಟ್ಟಿಗೆಯೆಂದರೆ ಕೈಗೆ ಸಿಗುವ ಪೆಟ್ಟಿಗೆಯಲ್ಲ. ಅದೂ ಸಾಫ್ಟ್‌ವೇರೇ. ಮೌನೇಶ ಅಕ್ಷರಾಭ್ಯಾಸದ ಮಟ್ಟಿಗೆ ಅದನ್ನು ಕಲಿತುಕೊಂಡಿದ್ದ. ಒಂದು ದಿನ ಮ್ಯಾನೇಜರ್ ದೇವಪ್ಪ ಅವನನ್ನು ಕರೆದು ಕೂರಿಸಿದ.

“ಇದ್ದಷ್ಟ ಕಲತದ್ದು ಸಾಲಂಗಿಲ್ಲ ಮೌನೇಶ. ಮುಂದಿಂದೂ ಕಲಿ. ಆ ಕಂಟೇನರಿನ ಭದ್ರತಾ, ಅವನ್ನೆಲ್ಲ ಒಂದ ತಾಳದಾಗ ನಡಸೂದು, ಎಲ್ಲಾ ಕಲತು ಪರೀಕ್ಷಾ ಪಾಸಾಗು. ಇಲ್ಲಂದ್ರ ಆ ಕೆಲಸ ಹುಬ್ಬಳ್ಳಿಯವರಿಗೆ ಹೊಕ್ಕೈತಿ, ನೀ ಮುಂಡರಗಿ ಗೋಡೌನಿಗೆ ಹೊಕ್ಕಿ. ಅಲ್ಲಿ ಕಂಪ್ಯೂಟರ್ ಇಲ್ಲ. ಹೆಗ್ಗಣ ಅದಾವ.”

ಮೂವತ್ತೆಂಟನೆಯ ವಯಸ್ಸಿನಲ್ಲಿ ಮೌನೇಶ ಮತ್ತೆ ವಿದ್ಯಾರ್ಥಿಯಾದ. ಬೆಳಿಗ್ಗೆ ಐದಕ್ಕೆ ಎದ್ದು ಮಾಳಿಗೆಯ ಕೋಣೆ ಸೇರಿ, ಲ್ಯಾಪ್‌ಟಾಪ್ ಮುಂದೆ ಕೂತು, ಶಾಲೆಯ ಹುಡುಗರಂತೆ ಗಟ್ಟಿಯಾಗಿ ಓದತೊಡಗಿದ. ಕೆಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರೋಜಾಳಿಗೂ ಅರ್ಧ ಪಾಠ ಬಾಯಿಪಾಠವಾಯಿತು.

ಇದೆಲ್ಲ ನಡೆಯುತ್ತಿರುವಾಗ ರೋಜಾಳ ತಂಗಿ ಅಂಕಿತಾಳ ನಿಶ್ಚಯ ಬಂತು. ಹೊಂಬಳದ ಮಾವನ ಮನೆಯ ಮುಂದೆ ಹಂದರ. ಗಂಡಿನ ಕಡೆಯವರು ಮಾಗಡಿಯಿಂದ ಬಂದಿದ್ದರು. ಜಮಖಾನೆಯ ಮೇಲೆ ಗಂಡಸರೆಲ್ಲ ಕೂತ ಮೇಲೆ ಮಾವ ಕುಬೇರಪ್ಪ ಬೀಗರಿಗೆ ತನ್ನವರ ಪರಿಚಯ ಮಾಡಿಸಿದ.

“ಇವರು ನಮ್ಮಣ್ಣ ಸಕ್ರಪ್ಪ. ಮುಂಡರಗಿ ಕಡೆ ಹೊಲಾ ಮಾಡ್ಯಾನ, ಉಳ್ಳಾಗಡ್ಡಿ ಜೋರ್ ಬೆಳಿತಾನ. ಇವರು ಹಿರೇ ಅಳಿಯ ಹುಲಿಗೇಶ, ಲಕ್ಷ್ಮೇಶ್ವರದವರು. ಎರಡು ಟ್ರ್ಯಾಕ್ಟರ್, ಒಂದು ಟಿಪ್ಪರ್. ಇವರು ಎರಡನೇ ಅಳಿಯ ಮೌನೇಶ...”

ಇಲ್ಲಿ ಕುಬೇರಪ್ಪ ತಡೆದ. ಮದುವೆಯಾಗಿ ಹನ್ನೊಂದು ವರ್ಷವಾದರೂ ಈ ಅಳಿಯನ ಕೆಲಸವೇನೆಂದು ಅವನಿಗೆ ತಿಳಿದಿರಲಿಲ್ಲ. ಕೊನೆಗೆ, “ಇವರು ಗದಗಿನ್ಯಾಗ ಕುಂಡ್ರತಾರ” ಎಂದ.

“ಕುಂಡ್ರತಾರ?” ಬೀಗರು ಕೇಳಿದರು.

“ಹೂಂ. ಕಂಪ್ಯೂಟರ್ ಮುಂದ.”

ಬೀಗರು ಮರುಕದಿಂದ ತಲೆಯಾಡಿಸಿದರು. ಹುಲಿಗೇಶ ಮೀಸೆಯೊಳಗೆ ನಕ್ಕ. ಮೌನೇಶ ಹನ್ನೊಂದು ವರ್ಷ ತಡೆದಿದ್ದ. ಅಂದು ತಡೆಯಲಾಗಲಿಲ್ಲ.

“ಬರೇ ಕುಂಡ್ರಂಗಿಲ್ರಿ. ನಲವತ್ತು ಕಂಟೇನರ್ ಓಡಸ್ತೀನಿ.”

ಮಾತು ನಿಜ. ಅಂದು ಬೆಳಿಗ್ಗೆ ಸಂಘದ ಸಾಫ್ಟ್‌ವೇರಿನಲ್ಲಿ ಎಣಿಸಿ ನಲವತ್ತು ಕಂಟೇನರುಗಳು ಅವನ ಕೈಕೆಳಗೆ ಓಡುತ್ತಿದ್ದವು. ಆದರೆ ಹಂದರದ ಕೆಳಗೆ ಎಲೆ ಅಡಿಕೆ ಮಡಚುತ್ತಿದ್ದವರ ಕೈ ಅರ್ಧಕ್ಕೆ ನಿಂತಿತು.

“ನಲವತ್ತು?” ಬೀಗರ ದನಿಯಲ್ಲಿದ್ದ ಮರುಕ ಎತ್ತಲೋ ಹೋಯಿತು. “ಡ್ರೈವರ್ ಭಾಳ ಮಂದಿ ಬೇಕಲ್ರಿ?”

“ಡ್ರೈವರ್ ಯಾಕ್ರಿ? ತಾವ ಓಡತಾವ.”

“ಕೆಟ್ಟು ನಿಂತ್ರ?”

“ರಿಪೇರಿ ಮಾಡಾಕ ಹೋಗಂಗಿಲ್ರಿ. ಕೆಟ್ಟದ್ದನ್ನ ಒಗದು ಹೊಸಾದು ನಿಂದರಸ್ತೀವಿ.”

ಹುಲಿಗೇಶನ ಒಂದು ಟ್ರ್ಯಾಕ್ಟರು ಮೂರು ವಾರದಿಂದ ಗ್ಯಾರೇಜಿನಲ್ಲಿತ್ತು. “ಒಗದ ಬಿಡ್ತೀರಿ?” ಎಂದು ಅವನು ಕೇಳಿದ.

“ಒಗದ ಬಿಡ್ತೀವಿ” ಎಂದ ಮೌನೇಶ.

ಇದು ಲಾರಿಯ ಮಾತಲ್ಲವೆಂದು ಬಿಡಿಸಿ ಹೇಳುವ ಮನಸ್ಸು ಅವನಿಗೆ ಖಂಡಿತ ಇತ್ತು. ಆದರೆ ಅಷ್ಟರಲ್ಲಿ ತಾಟು ಬಂದವು. ಅವನ ತಾಟಿಗೆ ಕೇಳದೆಯೇ ಮೂರು ಹೋಳಿಗೆ ಬಿದ್ದವು, ಬೀಗರು ಸ್ವತಃ ತುಪ್ಪ ಸುರಿದರು. ತುಪ್ಪ ಸುರಿಯುತ್ತಿರುವ ಮನುಷ್ಯನನ್ನು ನಡುವೆ ತಡೆದು ಸಾಫ್ಟ್‌ವೇರ್ ವಿವರಿಸುವುದು ಸಭ್ಯತೆಯಲ್ಲ.

ಒಂದೇ ವಾರದಲ್ಲಿ ಮುಂಡರಗಿಯಿಂದ ಸಕ್ರಪ್ಪನ ಫೋನು.

“ಮೌನೇಶಪ್ಪಾ, ಉಳ್ಳಾಗಡ್ಡಿ ಕಿತ್ತೀನಿ. ಒಂದು ಕಂಟೇನರ್ ಕಳಸು.”

“ಮಾವಾರ, ಅವು ಅಂಥಾ ಕಂಟೇನರ್ ಅಲ್ರಿ. ಕಣ್ಣಿಗೆ ಕಾಣಂಗಿಲ್ಲ.”

“ಕಾಣಂಗಿಲ್ಲ? ಎಲ್ಲಿ ನಿಂದರಸೀ ಅವನ್ನ?”

ಮೌನೇಶನಿಗೆ ಮತ್ತೆ ನಿಜವೇ ಬಾಯಿಗೆ ಬಂತು. “ಕ್ಲೌಡಿನ್ಯಾಗ ಅದಾವ್ರಿ. ಅಂದ್ರ ಮೋಡದಾಗ.”

“ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ನು. ಹಿರೇ ಮನಶ್ಯಾಗ ಮೋಡದಾಗ ಅದಾವ ಅಂತ ಹೇಳಬ್ಯಾಡ” ಎಂದು ಸಕ್ರಪ್ಪ ಫೋನ್ ಇಟ್ಟುಬಿಟ್ಟ. ಮರುಕ್ಷಣವೇ ಹೊಂಬಳಕ್ಕೆ ಫೋನ್ ಮಾಡಿ ತಮ್ಮನಿಗೆ ಹೇಳಿದ: “ಕುಬೇರಾ, ನಿನ್ನ ಅಳಿಯ ನಲವತ್ತು ಕಂಟೇನರ್ ಬಚ್ಚಿಟ್ಟಾನ. ಯಾಕ ಬಚ್ಚಿಟ್ಟಾನ, ಅದನ್ನ ತಿಳಕೋ.”

ಕುಬೇರಪ್ಪ ಹೆದರುವ ಮನುಷ್ಯನಲ್ಲ, ಒಂದು ಕಾಗದವನ್ನು ಬಿಟ್ಟು. ಆ ಕಾಗದದ ಹೆಸರು ನೋಟೀಸು. ಹಿಂದೊಮ್ಮೆ ಪಕ್ಕದ ಮನೆಯವರ ನೋಟೀಸನ್ನು ಅಂಚೆಯವನು ತಪ್ಪಿ ಅವನ ಕೈಗೆ ಕೊಟ್ಟಾಗ, ತನ್ನದಲ್ಲವೆಂದು ತಿಳಿದ ಮೇಲೂ ಎರಡು ದಿನ ಗಂಜಿ ಕುಡಿದಿದ್ದ. ಅಣ್ಣನ ಮಾತು ಕೇಳಿ ಅವನು ಮಗಳಿಗೆ ಫೋನ್ ಮಾಡಿದ. ಹಿಂದೆ ರಾಶಿ ಯಂತ್ರದ ಸದ್ದು.

“ಅಳಿಯಂದ್ರು ಏನ್ ಮಾಡಾಕತ್ತಾರವಾ?”

“ಮಾಳಗಿ ಮ್ಯಾಲ ಕುಬರ್ನೆಟಿಸ್ ಮಾಡಾಕತ್ತಾರಪ್ಪ.”

“ಏನ ನೋಟೀಸು?”

“ಕುಬರ್ನೆಟಿಸ್! ಕಂಟೇನರಿಂದ. ದಿನಾ ಮುಂಜಾನೆ ಅದ. ಮುಂದಿನ ಗುರುವಾರ ಎಲ್ಲಾ ಮುಗೀತೈತಿ.”

ಕುಬೇರಪ್ಪ ರಾಶಿ ಯಂತ್ರ ನಿಲ್ಲಿಸಿ ಅಲ್ಲೇ ಕೂತುಬಿಟ್ಟ. ವಿಷಯ ಈಗ ಹಗಲಿನಷ್ಟು ಸ್ಪಷ್ಟವಾಗಿತ್ತು. ಕಣ್ಣಿಗೆ ಕಾಣದ ನಲವತ್ತು ಕಂಟೇನರು. ಡ್ರೈವರ್ ಇಲ್ಲ. ಅವುಗಳ ಸಂಬಂಧ ಒಂದು ಕುಬೇರ ನೋಟೀಸು. ಅಳಿಯ ಕಂಟೇನರುಗಳನ್ನು ಮಾವನ ಹೆಸರಿನಲ್ಲಿ ಬರೆಸಿದ್ದಾನೆ, ಗುರುವಾರ ಎಲ್ಲಾ ಮುಗಿಯುತ್ತದೆ! ಅಂದೇ ಅಣ್ಣನನ್ನೂ ಹಿರಿಯ ಅಳಿಯನನ್ನೂ ಕರೆದುಕೊಂಡು ಬೆಟಗೇರಿಗೆ ಹೋಗಿ ಕೇಳಿಬಿಡುವುದೆಂದು ಅವನು ನಿಶ್ಚಯಿಸಿದ.

ಇತ್ತ ಹುಲಿಗೇಶನಿಗೂ ಸಮಾಧಾನವಿರಲಿಲ್ಲ. ಷಡ್ಡಕನಿಗೆ ಫೋನ್ ಹಚ್ಚಿ, ಏನೋ ಕಲಿಯುತ್ತಿದ್ದೀರಂತೆ, ಎಲ್ಲಿಗೆ ಬಂತು ಎಂದು ಕೇಳಿದ.

“ಕಂಟೇನರ್ ಸೆಕ್ಯುರಿಟಿ ಮುಗಸೀನಿ. ಈಗ ಆರ್ಕೆಸ್ಟ್ರೇಶನ್ ನಡದೈತಿ” ಎಂದ ಮೌನೇಶ.

“ಆರ್ಕೆಸ್ಟ್ರಾ? ಕಂಟೇನರಿನ್ಯಾಗ?”

“ಕಂಟೇನರಿಂದ. ಎಲ್ಲಾ ಕೂಡಿ ಒಂದ ತಾಳಕ್ಕ ನಡೀಬೇಕಲ್ಲ.”

ಲಕ್ಷ್ಮೇಶ್ವರದಲ್ಲಿ ಮೆಲೊಡಿ ಆರ್ಕೆಸ್ಟ್ರಾ ನಡೆಸುತ್ತಿದ್ದ ತಾರೀಖ ಹುಲಿಗೇಶನ ಗೆಳೆಯ. ಮದುವೆ ಮದುವೆಗೂ ಸ್ಟೇಜು ಕಟ್ಟಿ ಬಿಚ್ಚಿ ಬೇಸತ್ತವನು. ಕಂಟೇನರಿನ ಒಂದು ಬದಿ ತೆಗೆದರೆ ಓಡಾಡುವ ಸ್ಟೇಜೇ ಆಗುತ್ತದೆಂಬುದು ಹುಲಿಗೇಶನಿಂದ ಸುದ್ದಿ ಕೇಳಿದ ಅವನಿಗೆ ತಟ್ಟನೆ ಹೊಳೆಯಿತು. “ಅಂಕಿತಾನ ಮದವಿಗೆ ಅದ ಮಾಡೂಣು. ಗುರುವಾರ ನೀವು ಬೆಟಗೇರಿಗೆ ಹೊಂಟೀರಲ್ಲ, ನಾನೂ ಕೀಬೋರ್ಡ್ ತಗೊಂಡು ಬರತೀನಿ. ಒಳಗ ಸೌಂಡ್ ಹೆಂಗ ಬರತೈತಿ ನೋಡೇಬಿಡೂಣು” ಎಂದ.

ಆ ಗುರುವಾರ ಹತ್ತೂವರೆಗೆ ಇದ್ದದ್ದು ಮೌನೇಶನ ಪರೀಕ್ಷೆ. ಮನೆಯಲ್ಲೇ ಕೂತು, ಲ್ಯಾಪ್‌ಟಾಪಿನಲ್ಲಿ ಎರಡು ತಾಸು ಕಂಟೇನರುಗಳನ್ನು ನಿಜವಾಗಿ ಓಡಿಸಿ ತೋರಿಸುವ ಪರೀಕ್ಷೆ. ಎಲ್ಲೋ ದೂರದಲ್ಲಿ ಕೂತ ಮೇಲ್ವಿಚಾರಕ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಮೇಜಿನ ಮೇಲೆ ಏನೂ ಇರಬಾರದು. ಗೋಡೆಯ ಮೇಲೂ ಏನೂ ಇರಬಾರದೆಂಬುದು ಪರೀಕ್ಷೆ ಶುರುವಾಗುವ ಹೊತ್ತಿಗೆ ತಿಳಿಯಿತು. ಮೌನೇಶ ಲ್ಯಾಪ್‌ಟಾಪನ್ನು ಕೋಣೆಯ ಸುತ್ತ ತಿರುಗಿಸಿ ತೋರಿಸಿದಾಗ ಪರದೆಯ ಮೇಲೆ ಪ್ರಶ್ನೆ ಮೂಡಿತು: ಹಿಂದೆ ತಲೆಗೆ ಪಟಗ ಸುತ್ತಿಕೊಂಡು ನಿಂತಿರುವ ವ್ಯಕ್ತಿ ಯಾರು?

ಅದು ಕುಬೇರಪ್ಪನ ದೊಡ್ಡ ಫೋಟೋ. ರೋಜಾ ತವರಿನಿಂದ ತಂದು ತೂಗುಹಾಕಿದ್ದು. ಮೌನೇಶ ಅವಸರದಲ್ಲಿ ಅದನ್ನು ಇಳಿಸಿ ಬಾಗಿಲ ಹೊರಗೆ ಕೊಟ್ಟ. ಕ್ಯಾಲೆಂಡರು, ಗಡಿಯಾರ, ಉಪ್ಪಿನಕಾಯಿ ಭರಣಿಗಳನ್ನು ಹೊತ್ತು ಆಗಲೇ ಎಂಟು ಸಲ ಮೆಟ್ಟಿಲಿಳಿದಿದ್ದ ರೋಜಾ ತಂದೆಯನ್ನು ಕೆಳಗಿನ ಪಡಸಾಲೆಯಲ್ಲಿ, ಚಪ್ಪಲಿಗಳ ಪಕ್ಕದ ಗೋಡೆಗೆ ಒರಗಿಸಿ, ಸೆರಗು ಸಿಕ್ಕಿಸಿ ಮೆಟ್ಟಿಲ ಮೇಲೆ ಕಾವಲು ಕೂತಳು.

ಪರೀಕ್ಷೆ ಶುರುವಾಗಿ ಒಂದೂವರೆ ತಾಸಾಗಿರಬೇಕು. ಹುಲಿಗೇಶನ ಟಿಪ್ಪರು ಮನೆಯ ಮುಂದೆ ನಿಂತಿತು. ಕುಬೇರಪ್ಪ, ಸಕ್ರಪ್ಪ, ಹುಲಿಗೇಶ, ಕೀಬೋರ್ಡ್ ಹೊತ್ತ ತಾರೀಖ, ನಾಲ್ವರೂ ಇಳಿದರು. ಒಳಗೆ ಕಾಲಿಟ್ಟ ಕುಬೇರಪ್ಪನಿಗೆ ಮೊದಲು ಕಂಡದ್ದು ಚಪ್ಪಲಿಗಳ ನಡುವೆ ನಿಂತಿದ್ದ ತಾನೇ.

“ನೋಡಿದ್ಯಾ ಅಣ್ಣಾ? ಗ್ವಾಡಿ ಮ್ಯಾಲಿಂದ ಇಳಿಸೇಬಿಟ್ಟಾನ!” ಅವನು ಫೋಟೋದತ್ತ ಬೆರಳು ತೋರಿಸಿದ.

“ಅಪ್ಪ, ಮೆಲ್ಲಕ ಮಾತಾಡು. ಮ್ಯಾಲ ಅವರದು ಪರೀಕ್ಷಾ ನಡದೈತಿ” ಎಂದು ರೋಜಾ ಎರಡೂ ಕೈ ಅಡ್ಡ ಹಿಡಿದಳು.

“ಮೂವತ್ತೆಂಟು ವರ್ಷದ ಮನಶ್ಯಾಗ ಎಂಥಾ ಪರೀಕ್ಷಾ? ಪರೀಕ್ಷಾ ಮನ್ಯಾಗ ಬರೀತಾರೇನು? ಕರಿ ಅವನ್ನ ಕೆಳಗ.”

“ಕರಿಯಾಕ ಬರಂಗಿಲ್ಲ. ಯಾರರ ಒಳಗ ಹ್ವಾದ್ರ ಅವರ ಕಥಿ ಮುಗೀತಂತ.”

“ಯಾರಂದ್ರು ಹಂಗ?”

“ಕ್ಯಾಮೆರಾದಾಗ ನೋಡಾಕತ್ತಾರಲ್ಲ, ಅವರು. ಮೊದಲ ಆಧಾರ್ ಕಾರ್ಡ್ ತೋರಸಂದ್ರು. ಆಮ್ಯಾಲ ಕ್ವಾಣಿ ಪೂರಾ ತೋರಸಂದ್ರು. ಫೋನ್ ಹೊರಗಿಡಿಸ್ಯಾರ. ಎರಡು ತಾಸು ಕುಂತಲ್ಲಿಂದ ಏಳಬಾರದಂತ, ಬಾಯಿ ಅಲಗಾಡಸಬಾರದಂತ.”

ಹಿಂದೆ ನಿಂತಿದ್ದ ತಾರೀಖನ ಕೈಯಿಂದ ಕೀಬೋರ್ಡು ಜಾರಿ ನೆಲಕ್ಕೆ ತಾಗಿ ಒಂದು ಸ್ವರ ಹೊರಡಿಸಿತು.

“ಯಾ ಅಲ್ಲಾ! ಇದು ಡಿಜಿಟಲ್ ಅರೆಸ್ಟ್! ಫೋನ್ ಹಚ್ಚಿದಾಗೊಮ್ಮೆ ಹೇಳತಾರಲ್ರಿ, ಕ್ಯಾಮೆರಾ ಮುಂದ ಕುಂಡ್ರಸಿ, ಬಾಗಲಾ ಹಾಕಿಸಿ, ಯಾರಿಗೂ ಹೇಳಬ್ಯಾಡ ಅಂತ ಹೆದರಸ್ತಾರಂತ!”

“ಇಲ್ರಿ ಅಣ್ಣಾರ, ಅದು ಪರೀಕ್ಷಾನ” ಎಂದಳು ರೋಜಾ. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

“ಮನ್ಯಾಗ ಹಂಗ ಹೇಳಸ್ತಾರ ಅಕ್ಕಾರ. ಹೆಂಡ್ರಿಗೂ ಖರೆ ಹೇಳಾಕ ಬಿಡಂಗಿಲ್ಲ. ಎಂಟು ದಿನದಿಂದ ಸರಿಯಾಗಿ ಉಂಡಾರೇನು ಅವರು?”

ಉಂಡಿರಲಿಲ್ಲ. ನಿದ್ದೆಯಲ್ಲೂ ಏನೇನೋ ಬಡಬಡಿಸುತ್ತಿದ್ದ. ರೋಜಾಳ ಕೈ ತಾನೇ ಕೆಳಗಿಳಿಯಿತು. ತಾರೀಖ ಪೊಲೀಸರಿಗೆ ಫೋನ್ ಹಚ್ಚಿದ.

ಕುಬೇರಪ್ಪ ಹೊಂಬಳದಿಂದ ಬೆಟಗೇರಿಯವರೆಗೆ ಟಿಪ್ಪರಿನಲ್ಲಿ ಒಂದು ಭಾರೀ ಜಗಳವನ್ನು ಹೊಂದಿಸಿಕೊಂಡು ಬಂದಿದ್ದ. ಯಾವ ಬೈಗುಳ ಮೊದಲು, ಯಾವುದು ಆಮೇಲೆ ಎಂಬುದು ಕೂಡ ನಿಶ್ಚಯವಾಗಿತ್ತು. ಅದೆಲ್ಲ ಒಂದೇ ಕ್ಷಣದಲ್ಲಿ ಮರೆತುಹೋಯಿತು.

“ನನ್ನ ಅಳಿಯನ್ನ ಹಿಡದಾರ? ಹುಲಿಗೇಶಾ, ಒದಿಯೋ ಬಾಗಲಾ!”

ಒಳಗೆ ಮೌನೇಶ ಹದಿನೇಳು ಪ್ರಶ್ನೆಗಳಲ್ಲಿ ಹದಿಮೂರನ್ನು ಮುಗಿಸಿದ್ದ. ಹದಿನಾಲ್ಕನೆಯದು ಭದ್ರತೆಯದು: ಇಂತಿಂಥ ಕಂಟೇನರಿನೊಳಗೆ ಅಪ್ಪಣೆಯಿಲ್ಲದೆ ಯಾರೂ ನುಗ್ಗದಂತೆ ಮಾಡು. ಅವನು ಅದರ ಕೊನೆಯ ಸಾಲು ಬರೆಯುತ್ತಿದ್ದಾಗ ಅಗುಳಿ ಸಿಡಿದು ಬಾಗಿಲು ಹಾರುಹೊಡೆಯಿತು.

ಕುಬೇರಪ್ಪ ನೇರ ಲ್ಯಾಪ್‌ಟಾಪಿನ ಮುಂದೆ ಹೋಗಿ ನಿಂತ.

“ಏ ಸಾಹೇಬ್ರ, ಇಲ್ಲಿ ನೋಡ್ರಿ! ಕುಬೇರಪ್ಪ ಅಂದ್ರ ನಾನ. ನೋಟೀಸು ನನ್ನ ಹೆಸರಿಂದು. ಆ ನಲವತ್ತೂ ಕಂಟೇನರ್ ನನ್ನವ. ಈ ಹುಡುಗಗ ಏನೂ ಗೊತ್ತಿಲ್ಲ, ಅಂವ ಬರೇ ಕುಂಡ್ರತಾನ! ಹಿಡಿಯೂದಿದ್ರ ನನ್ನ ಹಿಡೀರಿ.”

ಎರಡೂ ಮುಂಗೈ ಜೋಡಿಸಿ ಕ್ಯಾಮೆರಾದತ್ತ ಚಾಚಿದ. ಮೌನೇಶನಿಗೆ ಬಾಯಿ ಅಲುಗಿಸುವ ಅನುಮತಿಯಿರಲಿಲ್ಲ.

ಪರದೆಯ ಮೇಲೆ ಬರಹ ಮೂಡಿತು: ಕೋಣೆಯಲ್ಲಿ ಬೇರೆ ವ್ಯಕ್ತಿ ಇದ್ದಾರೆ. ಸಕ್ರಪ್ಪ, ಹುಲಿಗೇಶ, ತಾರೀಖ ಮೂವರೂ ಕುಬೇರಪ್ಪನ ಹಿಂದೆ ಒತ್ತಾಗಿ ನಿಂತರು. ಎರಡನೆಯ ಬರಹ: ಕೋಣೆಯಲ್ಲಿ ಬೇರೆ ವ್ಯಕ್ತಿಗಳು ಇದ್ದಾರೆ. ಆಮೇಲೆ ಮೂರನೆಯದು: ಪರೀಕ್ಷೆಯನ್ನು ಕೊನೆಗೊಳಿಸಲಾಗಿದೆ. ಪರದೆ ಕಪ್ಪಾಯಿತು.

“ಹೆದರಿ ಓಡಿಹ್ವಾದ್ರು!” ಎಂದು ಹುಲಿಗೇಶ ತೊಡೆ ತಟ್ಟಿದ.

ಸಕ್ರಪ್ಪ ಮೌನೇಶನ ತಲೆ ನೇವರಿಸಿದ. “ಹೆದರಬ್ಯಾಡ ತಮ್ಮಾ. ಪಾರಾದಿ. ನನಗ ಕಂಟೇನರೂ ಬ್ಯಾಡ, ಏನೂ ಬ್ಯಾಡ.” ಮೌನೇಶ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದ. ಅವನ ಕಣ್ಣಿನಿಂದ ನೀರಿಳಿಯತೊಡಗಿತು. ಬಿಡುಗಡೆಯಾದ ಸಂತೋಷಕ್ಕೆಂದು ನಾಲ್ವರೂ ತಿಳಿದು ಅವರೂ ಕಣ್ಣೊರೆಸಿಕೊಂಡರು.

ಹೆಡ್ ಕಾನ್‌ಸ್ಟೇಬಲ್ ಸಿದ್ದರಾಮ ಬಂದಾಗ ಮನೆಯ ಮುಂದೆ ಅರ್ಧ ಓಣಿ ಸೇರಿತ್ತು. ಅವನು ಪಡಸಾಲೆಯಲ್ಲಿ ಕೂತು, ಮೊದಲ ಚಹಾ ಕುಡಿದು, ಡೈರಿ ತೆಗೆದ.

“ಏನ್ ಕೇಳಿದ್ರು ಅವರು? ರೊಕ್ಕ ಕೇಳಿದ್ರ?”

“ಇಲ್ರಿ.”

“ಓಟಿಪಿ?”

“ಇಲ್ರಿ. ಹದಿನೇಳು ಪ್ರಶ್ನಿ ಕೇಳಿದ್ರು. ಹದಿನಾಲ್ಕನೇದ್ರಾಗ, ಕಂಟೇನರಿನೊಳಗ ಯಾರ್ಯಾರೋ ನುಗ್ಗದಂಗ ಬಂದೋಬಸ್ತ್ ಮಾಡು ಅಂದ್ರು.”

ಸಿದ್ದರಾಮ ಪೆನ್ನು ಕೆಳಗಿಟ್ಟ. “ಅದನ್ನ ಮಾಡಿದ್ರ ಅವರಿಗೇನು ಸಿಗ್ತಿತ್ತು?”

“ಅವರಿಗೇನಿಲ್ರಿ. ನನಗ ಸರ್ಟಿಫಿಕೇಟ್ ಸಿಗ್ತಿತ್ತು.”

ಸಿದ್ದರಾಮ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿದ.

“ಅದು ಖರೇನ ಪರೀಕ್ಷಾ ಅದರೀ. ನನ್ನ ಮಗಳು ನಾಗರತ್ನಾ ಹಿಂಗ ಮನ್ಯಾಗ ಕುಂತು ಬರದಾಳ. ಆ ಎರಡು ತಾಸು ನಾ ಕಟ್ಟಿ ಮ್ಯಾಲ ಕುಂತಿದ್ದೆ. ಕೆಮ್ಮು ಬಂದ್ರ ಓಣಿ ದಾಟಿ ಹೋಗಿ ಕೆಮ್ಮಿ ಬರತಿದ್ದೆ.” ಆಮೇಲೆ ಕುಬೇರಪ್ಪನತ್ತ ತಿರುಗಿದ. “ಅದಿರಲಿ, ನಲವತ್ತು ಕಂಟೇನರ್ ನಿಮ್ಮವ ಅಂತ ಒಪಗೊಂಡೀರಂತ?”

“ಇಲ್ರಿ ಸಾಹೇಬ್ರ! ನಂದು ಒಂದು ಎತ್ತಿನ ಗಾಡಿ. ಅದರ ನೊಗಾನೂ ಮುರದೈತಿ.” ಕುಬೇರಪ್ಪ ಅಳಿಯನ ಕಡೆ ನೋಡಿ ಸಣ್ಣ ದನಿಯಲ್ಲಿ ಕೇಳಿದ, “ಹಂಗಾದ್ರ ನನ್ನ ನೋಟೀಸು?”

“ಯಾವ ನೋಟೀಸ್ರಿ ಮಾವ?”

“ಕುಬೇರ ನೋಟೀಸು.”

ಮೌನೇಶ ಮಾವನನ್ನು ನೋಡಿದ. ಅವನಿಗೆ ಅಳುವಿನ ನಡುವೆಯೇ ನಗು ಬಂತು. “ಮಾವ, ಅದು ಕುಬರ್ನೆಟಿಸ್. ಕಂಟೇನರುಗಳನ್ನ ನೋಡಿಕೊಳ್ಳೋ ಸಾಫ್ಟ್‌ವೇರಿನ ಹೆಸರು.”

ಕುಬೇರಪ್ಪ ಉಸಿರು ಬಿಟ್ಟ. ಆಮೇಲೆ, “ನನ್ನ ಹೆಸರ ಯಾಕ ಇಟ್ಟಾರ?” ಎಂದ.

ಎರಡನೆಯ ಚಹಾ ಬರುವಷ್ಟರಲ್ಲಿ ಸಿದ್ದರಾಮ ಒಂದು ಕಾಗದ ಬರೆದಿದ್ದ. ಡಿಜಿಟಲ್ ಅರೆಸ್ಟ್ ಆಗಿದೆಯೆಂದು ತಪ್ಪು ತಿಳಿದು, ಅಭ್ಯರ್ಥಿಯ ಮೇಲಿನ ಪ್ರೀತಿಯಿಂದ ಸಂಬಂಧಿಕರು ಬಾಗಿಲು ಒಡೆದರೆಂದೂ, ಯಾರೂ ಅವನಿಗೆ ಉತ್ತರ ಹೇಳಿಕೊಟ್ಟಿಲ್ಲವೆಂದೂ, ಹೇಳಿಕೊಡುವಷ್ಟು ತಿಳಿವಳಿಕೆ ಅವರಲ್ಲಿ ಯಾರಿಗೂ ಇದ್ದಂತೆ ಕಂಡುಬರುವುದಿಲ್ಲವೆಂದೂ ಅದರಲ್ಲಿತ್ತು. ನಾಲ್ವರೂ ತಲೆ ತಗ್ಗಿಸಿ ಸಹಿ ಮಾಡಿದರು. ಮೌನೇಶ ಅದನ್ನು ಇಂಗ್ಲಿಷಿಗೆ ತಿರುಗಿಸಿ ಪರೀಕ್ಷೆಯವರಿಗೆ ಕಳಿಸಿದ.

ಮರುದಿನ ಕಚೇರಿಯಲ್ಲಿ ದೇವಪ್ಪ, ಪರೀಕ್ಷೆ ಯಾಕೆ ನಿಂತಿತೆಂದು ಕೇಳಿದ.

“ನಮ್ಮ ಮಾವ ಅರೆಸ್ಟ್ ಆಗಾಕ ಬಂದ್ರು ಸರ್.”

ದೇವಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. “ಸುಗ್ಗಿ ಸುರು ಆಗಾಕ ಇಪ್ಪತ್ತು ದಿನ ಐತಿ. ಅಷ್ಟರಾಗ ಏನರ ಆದ್ರ ಆತು. ಇಲ್ಲಂದ್ರ ಮುಂಡರಗಿಗೆ ಆರ್ಡರ್ ತಗೀಬೇಕಾಕ್ಕೈತಿ. ನನ್ನ ಕೈಯಾಗ ಇಲ್ಲಪಾ.”

ಒಂಬತ್ತು ದಿನ ಉತ್ತರ ಬರಲಿಲ್ಲ. ಅಷ್ಟು ದಿನವೂ ಕುಬೇರಪ್ಪ ಬೆಳಿಗ್ಗೆ ಸಂಜೆ ಮಗಳಿಗೆ ಫೋನ್ ಮಾಡಿ, “ಬಂತೇನವಾ?” ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದ. ಹತ್ತನೆಯ ದಿನ ಬಂತು. ಇಂಥ ಪ್ರಸಂಗ ತಮಗೆ ಹೊಸದೆಂದೂ, ಮುಂದಿನ ಭಾನುವಾರ ಇನ್ನೊಮ್ಮೆ ಕೂರಬಹುದೆಂದೂ, ದಯವಿಟ್ಟು ಒಬ್ಬರೇ ಕೂರಬೇಕೆಂದೂ ಅವರು ಬರೆದಿದ್ದರು. ಬೆಟಗೇರಿಯ ಮನೆಯ ಬಾಗಿಲಿಗೆ ಇನ್ನೂ ಅಗುಳಿ ಬಂದಿರಲಿಲ್ಲ. “ಹೊಂಬಳಕ್ಕ ಬರ್ರಿ. ಇದರ ಜವಾಬ್ದಾರಿ ನಂದು” ಎಂದ ಕುಬೇರಪ್ಪ.

ಆ ಭಾನುವಾರ ಹೊಂಬಳದ ಆ ಓಣಿಯಲ್ಲಿ ನಡೆದದ್ದನ್ನು ಊರವರು ಬಹುಕಾಲ ಮಾತಾಡಿಕೊಂಡರು. ಧಾನ್ಯದ ಕೋಣೆಯನ್ನು ಬರಿದು ಮಾಡಿ, ಸುಣ್ಣ ಬಳಿದು, ಅದರಲ್ಲಿ ಒಂದು ಮೇಜು ಒಂದು ಕುರ್ಚಿ ಹಾಕಲಾಗಿತ್ತು. ಬಾಗಿಲಲ್ಲಿ ರೋಜಾ, ಅವಳ ಅಪ್ಪಣೆಯಿಲ್ಲದೆ ಬೆಕ್ಕೂ ಹಾಯುವಂತಿರಲಿಲ್ಲ. ಹುಲಿಗೇಶ ಓಣಿಯ ಆ ತುದಿಯಲ್ಲಿ ನಿಂತು ಬಂದ ಬಂದ ಟ್ರ್ಯಾಕ್ಟರನ್ನು ಬೇರೆ ದಾರಿಗೆ ತಿರುಗಿಸಿದ. ಸದ್ದಿನ ವಿಷಯ ಬಲ್ಲವನೆಂದು ತಾರೀಖನನ್ನು ಬಸ್ ನಿಲ್ದಾಣಕ್ಕೆ ಹಾಕಿದ್ದರು. ಅವನು ಡ್ರೈವರನಿಗೆ ಏನು ಹೇಳಿದನೋ, ಬಸ್ಸು ಹಾರ್ನ್ ಹೊಡೆಯದೆ ಹೋಯಿತು. ಅಂಕಿತಾ ಕೋಳಿಗಳನ್ನು ಬುಟ್ಟಿ ಮುಚ್ಚಿ ಹಿತ್ತಿಲಿಗೆ ಸಾಗಿಸಿದಳು. ಸಕ್ರಪ್ಪನಿಗೆ ನಾಯಿ. ಅವನು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎರಡು ತಾಸು ತಲೆ ಕೆರೆದ. ಕುಬೇರಪ್ಪ ಒಂದು ಕಡೆ ಕೂರದೆ ಬರಿಗಾಲಲ್ಲಿ ಸುತ್ತುತ್ತಿದ್ದ. ಹುಲಿಗೇಶ ನೀರಿಗೆ ಹೋದರೆ ಆ ಜಾಗಕ್ಕೆ ಕೂಡಲೇ ನೆರೆಮನೆಯವನನ್ನು ನಿಲ್ಲಿಸುತ್ತಿದ್ದ. ಸಕ್ರಪ್ಪ ತೂಕಡಿಸಿದರೆ ನಾಯಿಯನ್ನು ಇನ್ನೊಬ್ಬರ ತೊಡೆಗೆ ದಾಟಿಸುತ್ತಿದ್ದ.

ಎರಡು ತಾಸು ಕಳೆದು ಬಾಗಿಲು ತೆರೆಯಿತು. ಮೌನೇಶ ಹೊರಗೆ ಬಂದ. ಅಂಗಳದಲ್ಲಿ ಹನ್ನೊಂದು ಮಂದಿ ಕೂತಿದ್ದರು. ಯಾರೂ ಮಾತಾಡಲಿಲ್ಲ. ರೋಜಾ ಹುಬ್ಬು ಹಾರಿಸಿ ಕೇಳಿದಳು. ಮೌನೇಶ, “ಮುಗೀತು” ಎಂದ. ಆಗಲೂ ಯಾರೂ ಮಾತಾಡಲಿಲ್ಲ. ಕುಬೇರಪ್ಪ ತುಟಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ.

“ಮಾವ, ಇನ್ನ ಮಾತಾಡಬಹುದ್ರಿ.”

ಹನ್ನೊಂದು ಮಂದಿಯೂ ಒಮ್ಮೆಲೇ ಮಾತಾಡಿದರು. ನಾಯಿಯೂ.

ಫಲಿತಾಂಶ ಮರುದಿನ ಬಂತು. ಅರವತ್ತಾರಕ್ಕೆ ಪಾಸು. ಮೌನೇಶನಿಗೆ ಎಪ್ಪತ್ತೊಂದು. ದೇವಪ್ಪ ಆರ್ಡರಿನ ಕಾಗದವನ್ನು ಎರಡಾಗಿ ಹರಿದು ಅವನ ಎದುರಿಗೇ ಬುಟ್ಟಿಗೆ ಹಾಕಿ, “ನಾಳಿಯಿಂದ ಸುಗ್ಗಿ ತಯಾರಿ ಹಿಡಿ” ಎಂದ.

ಆ ಸಂಜೆ ಹೊಂಬಳದಲ್ಲಿ ಮತ್ತೆ ಎಲ್ಲರೂ ಊಟಕ್ಕೆ ಸೇರಿದರು. ತಾಟಿನ ಮುಂದೆ ಕೂತ ಸಕ್ರಪ್ಪ, “ಈಗರ ಬಿಡಿಸಿ ಹೇಳು ತಮ್ಮಾ. ಏನದು ಕಂಟೇನರ್ ಅಂದ್ರ?” ಎಂದು ಕೇಳಿದ. ಎಲ್ಲರೂ ಮೌನೇಶನತ್ತ ತಿರುಗಿದರು. ಮದುವೆಯಾದ ಮೇಲೆ ಈ ಮನೆಯಲ್ಲಿ ಅವನ ಕೆಲಸದ ಬಗ್ಗೆ ಇಷ್ಟು ಮುಖಗಳು ಒಮ್ಮೆಗೆ ಕಾದದ್ದು ಅದೇ ಮೊದಲು.

ಮೌನೇಶ ನಿಧಾನವಾಗಿ ಹೇಳಿದ. ಹೊಲಕ್ಕೆ ಹೋಗುವಾಗ ಬುತ್ತಿ ಕಟ್ಟುತ್ತೀರಲ್ಲ, ರೊಟ್ಟಿ, ಪಲ್ಯ, ಚಟ್ನಿ, ಎಲ್ಲ ಒಂದೇ ಗಂಟಿನಲ್ಲಿ. ಯಾವ ಗಿಡದ ಕೆಳಗೆ ಬಿಚ್ಚಿದರೂ ಅದೇ ಊಟ. ಸಾಫ್ಟ್‌ವೇರಿಗೆ ಹಾಗೆ ಬುತ್ತಿ ಕಟ್ಟಿದರೆ ಅದು ಕಂಟೇನರ್. ಬುತ್ತಿಗೆ ಯಾರೂ ಏನೂ ಬೆರೆಸದಂತೆ, ರೋಜಾ ಬಾಗಿಲು ಕಾದಂತೆ ಕಾಯುವುದು ಸೆಕ್ಯುರಿಟಿ. “ಮತ್ತ ಮಾವ, ನಿನ್ನಿ ನೀವು ಮಾಡಿದ್ರಲ್ಲ, ಒಬ್ಬರು ಎದ್ದುಹ್ವಾದ್ರ ಇನ್ನೊಬ್ಬರನ್ನ ನಿಂದರಸೂದು, ಎಲ್ಲಾರ ಮ್ಯಾಲೂ ಕಣ್ಣಿಡೂದು. ಅದ ಆರ್ಕೆಸ್ಟ್ರೇಶನ್. ಕುಬರ್ನೆಟಿಸ್ ಮಾಡೂದು ಅಷ್ಟನ್ನ.”

ಕುಬೇರಪ್ಪ ನೆಟ್ಟಗೆ ಕೂತ. ಅದಕ್ಕೆ ತನ್ನ ಹೆಸರು ಯಾಕೆ ಇಟ್ಟಿದ್ದಾರೆಂಬುದು ಅವನಿಗೆ ಈಗ ಪೂರ್ತಿ ತಿಳಿದುಹೋಯಿತು.

ಸಕ್ರಪ್ಪ ಬಹಳ ಹೊತ್ತು ಯೋಚಿಸಿದ. “ಆತು. ಎಲ್ಲಾ ತಿಳೀತು. ಅಂದ್ರ, ಅದು ಲಾರಿ ಅಲ್ಲ.”

“ಅಲ್ರಿ.”

“ಇಷ್ಟೊತ್ತನ ಅಂವ ಏನ್ ಹೇಳಿದ ಅಣ್ಣಾ?” ಕುಬೇರಪ್ಪ ಅಣ್ಣನ ಮೇಲೆ ರೇಗಿದ. “ಲಾರಿ ಅಲ್ಲ, ಬುತ್ತಿ! ನಮ್ಮ ಅಳಿಯ ಗದಗಿನ್ಯಾಗ ಬುತ್ತಿ ಕಟ್ಟತಾನ. ಮಾಗಡಿ ಬೀಗರು ಕೇಳಿದ್ರ ಹಂಗ ಹೇಳಬೇಕು, ತಿಳೀತಿಲ್ಲ?”

ಮೌನೇಶ ತಿದ್ದಲು ಬಾಯಿ ತೆರೆದ. ಕುಬೇರಪ್ಪ ಅವನತ್ತ ನೋಡುತ್ತಿದ್ದ. ಆ ಮುಖದಲ್ಲಿದ್ದ ಅಭಿಮಾನ ಹಿಂದೆಂದೂ ಅವನ ಪಾಲಿಗೆ ಬಂದಿರಲಿಲ್ಲ.

“ಹೌದ್ರಿ ಮಾವ” ಎಂದ. “ಬುತ್ತಿ.”